ಹಳೆಯ ಫಿಯಟ್‌ಗೆ ದೊಡ್ಡ ಚಕ್ರ, ಲೋ-ಪ್ರೊಫೈಲ್ ಟೈರು: ಅಳತೆಯಿಂದ ಅಳವಡಿಕೆಯವರೆಗೆ

ಪ್ರೀಮಿಯರ್ ಪದ್ಮಿನಿಯನ್ನು ನಮ್ಮಲ್ಲಿ ಹೆಚ್ಚಿನವರು ಇಂದಿಗೂ ಫಿಯಟ್ ಎಂದೇ ಕರೆಯುತ್ತಾರೆ. ಇಟಲಿಯ ಫಿಯಟ್ 1100ಡಿ ಮಾದರಿಯನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ 1964ರಿಂದ ತಯಾರಿಸತೊಡಗಿತು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿಸಿ ಎಂಜಿನ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಹಿಂದೆ ಪಟ್ಟಿ ಸ್ಪ್ರಿಂಗ್, ಪವರ್ ನೆರವಿಲ್ಲದ ಸ್ಟೀರಿಂಗ್, 14 ಇಂಚಿನ ಉಕ್ಕಿನ ರಿಮ್ಮಿನ ಮೇಲೆ 5.20-14 ಅಳತೆಯ ಕ್ರಾಸ್‌ಪ್ಲೈ (ಒಳಗಿನ ಎಳೆಗಳು ಓರೆಯಾಗಿ ಒಂದನ್ನೊಂದು ದಾಟುವ) ಟೈರು: ಇದು ಆ ಕಾರಿನ ಮೂಲ ಸಜ್ಜು. ಈ ಅಳತೆಯ ಟೈರು ಈಗ ಅಂಗಡಿಯಲ್ಲಿ ಕೇಳಿದೊಡನೆ ಸಿಗುವುದಿಲ್ಲ. ಸಿಕ್ಕರೂ ಹಲವು ವರ್ಷ ಗೋದಾಮಿನಲ್ಲಿ ಒಣಗಿದ ಸರಕೇ ಹೆಚ್ಚು. ಆದ್ದರಿಂದ 15 ಇಂಚಿನ ಚಕ್ರ ಮತ್ತು ಸ್ವಲ್ಪ ತಗ್ಗಿದ ಪಾರ್ಶ್ವದ ರೇಡಿಯಲ್ (ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ) ಟೈರನ್ನು ಹಾಕಿಸಬೇಕೆಂಬ ಆಸೆ ಬರೀ ಷೋಕಿಯದಲ್ಲ, ಅದಕ್ಕೆ ತಕ್ಕ ಕಾರಣವೂ ಇದೆ. ಆದರೆ ಚಕ್ರವನ್ನು ಚಿತ್ರ ನೋಡಿ ಕೊಂಡು, ಕೂರಿಸಿದ ಮೇಲೆ ಎಲ್ಲಿ ತಾಗುತ್ತದೆಂದು ಹುಡುಕುವ ಕ್ರಮ ತಲೆಕೆಳಗಾದದ್ದು. ಮೊದಲು ಅಳತೆ, ಆಮೇಲೆ ಖರೀದಿ. ಇಲ್ಲಿ ಹೇಳುವ ವಿಧಾನವು ಅಂಬಾಸಿಡರ್‌ಗಾಗಲಿ, ಮೊದಲ ತಲೆಮಾರಿನ ಮಾರುತಿಗಾಗಲಿ ಹಾಗೆಯೇ ಒಪ್ಪುತ್ತದೆ. ಅಂಕಿಗಳು ಮಾತ್ರ ಬದಲಾಗುತ್ತವೆ.

ಹೊರವ್ಯಾಸವೇ ಮೊದಲ ಲೆಕ್ಕ

ರಿಮ್ಮು ದೊಡ್ಡದಾದಷ್ಟೂ ಟೈರಿನ ಪಾರ್ಶ್ವ ಚಿಕ್ಕದಾಗಬೇಕು; ಎರಡೂ ಸೇರಿದ ಹೊರವ್ಯಾಸ ಮಾತ್ರ ಮೊದಲಿದ್ದಷ್ಟೇ ಇರಬೇಕು. ಗೇರಿನ ಅನುಪಾತ, ಸ್ಪೀಡೋಮೀಟರಿನ ಮುಳ್ಳು, ಮಡ್‌ಗಾರ್ಡಿನೊಳಗಿನ ಜಾಗ, ಬ್ರೇಕಿನ ಹಿಡಿತ ಎಲ್ಲವೂ ಈ ಒಂದು ಅಳತೆಯನ್ನು ನಂಬಿಕೊಂಡಿವೆ.

5.20-14 ಟೈರಿನ ಹೊರವ್ಯಾಸ ಸುಮಾರು 61 ಸೆಂಟಿಮೀಟರ್. ನಿಮ್ಮ ಕಾರಿನಲ್ಲಿ ಈಗ ಯಾವ ಟೈರಿದೆಯೋ ಅದನ್ನು ಅಳೆದು ನೋಡುವುದೇ ಕ್ಷೇಮ, ಏಕೆಂದರೆ ಹಿಂದಿನ ಮಾಲೀಕರು ಏನನ್ನು ಹಾಕಿಸಿದ್ದರೆಂಬುದು ತಿಳಿದಿರುವುದಿಲ್ಲ. ಚಕ್ರವನ್ನು ಜಾಕಿನಿಂದ ಎತ್ತಿ, ಗಾಳಿ ಸರಿಯಾಗಿದೆಯೆಂದು ನೋಡಿಕೊಂಡು, ಎರಡು ಮೀಟರಿಗಿಂತ ಉದ್ದದ, ಬಾಗುವ ಟೇಪನ್ನು ಟೈರಿನ ಮೈಗೆ ಸುತ್ತಲೂ ಬಿಗಿಯಾಗಿ ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಟೈರು ಸವೆದಿದ್ದರೆ ಸವೆದ ಆಳದ ಎರಡರಷ್ಟನ್ನು ಕೂಡಿಸಬೇಕು; ಹೊಸದರಲ್ಲಿ 8 ಮಿಲಿಮೀಟರ್ ಇದ್ದ ಕಚ್ಚು ಈಗ 2 ಮಿಲಿಮೀಟರ್ ಉಳಿದಿದ್ದರೆ ವ್ಯಾಸದಲ್ಲಿ 12 ಮಿಲಿಮೀಟರ್ ಕಡಿಮೆಯಾಗಿರುತ್ತದೆ.

ಹೊಸ ಟೈರಿನ ವ್ಯಾಸವನ್ನು ಅದರ ಮೇಲಿನ ಬರಹದಿಂದಲೇ ಲೆಕ್ಕ ಹಾಕಬಹುದು. 175/65 ಆರ್15 ಎಂದರೆ ಅಗಲ 175 ಮಿಲಿಮೀಟರ್, ಪಾರ್ಶ್ವದ ಎತ್ತರ ಆ ಅಗಲದ ಶೇಕಡ 65, ಅಂದರೆ ಸುಮಾರು 114 ಮಿಲಿಮೀಟರ್. 15 ಇಂಚು 381 ಮಿಲಿಮೀಟರ್. ಅದಕ್ಕೆ ಮೇಲೊಂದು ಕೆಳಗೊಂದು ಪಾರ್ಶ್ವ ಸೇರಿಸಿದರೆ 608 ಚಿಲ್ಲರೆ. ಇದೇ ರೀತಿ 185/60 ಆರ್15ಕ್ಕೆ 603, 195/50 ಆರ್16ಕ್ಕೆ 601, 195/45 ಆರ್17ಕ್ಕೆ 607 ಮಿಲಿಮೀಟರ್ ಬರುತ್ತದೆ. ಕಾಗದದ ಮೇಲೆ ಈ ನಾಲ್ಕೂ ಹೊಂದುತ್ತವೆ. ಆದರೆ ಮೂಲ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಸುಮಾರು 128 ಮಿಲಿಮೀಟರ್ ರಬ್ಬರು ಮತ್ತು ಗಾಳಿ ಇತ್ತು. 195/45 ಆರ್17ರಲ್ಲಿ ಅದು 88ಕ್ಕೆ ಇಳಿಯುತ್ತದೆ. ಹಳೆಯ ಫಿಯಟ್ಟಿನ ಸ್ಪ್ರಿಂಗು, ಬುಷ್, ಷಾಕ್ ಅಬ್ಸಾರ್ಬರ್‌ಗಳನ್ನು ರೂಪಿಸಿದವರು ಟೈರಿನ ಆ ಮೆತ್ತನೆಯನ್ನೂ ಸಸ್ಪೆನ್ಷನ್ನಿನ ಭಾಗವೆಂದೇ ಎಣಿಸಿದ್ದರು. ಮಳೆಗಾಲ ಕಳೆದ ಮೇಲೆ ನಮ್ಮ ರಸ್ತೆಗಳು ಹೇಗಿರುತ್ತವೆಂಬುದು ಎಲ್ಲರಿಗೂ ಗೊತ್ತಿದೆ. 88 ಮಿಲಿಮೀಟರಿನ ಪಾರ್ಶ್ವವು ಚೂಪಾದ ಅಂಚಿನ ಒಂದು ಗುಂಡಿಗೆ ಬಿದ್ದರೆ ರಿಮ್ಮು ಸೊಟ್ಟಗಾಗುವುದೋ, ಟೈರಿನ ಪಕ್ಕೆ ಊದಿಕೊಳ್ಳುವುದೋ ಖಂಡಿತ. ಆದ್ದರಿಂದ ಈ ಕಾರಿಗೆ 15 ಇಂಚು ಮತ್ತು 65 ಅಥವಾ 60ರ ಪ್ರೊಫೈಲ್ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. 16 ಇಂಚು ಕಟ್ಟಕಡೆಯ ಮಿತಿ, 17 ಬೇಡವೇ ಬೇಡ.

ಹೊರವ್ಯಾಸ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ. ಹಳೆಯ 14 ಇಂಚಿನ ಅಳತೆಯಲ್ಲೇ ಉಳಿದು 185/60 ಆರ್14 ಹಾಕಿದರೆ ವ್ಯಾಸ 578ಕ್ಕೆ ಇಳಿಯುತ್ತದೆ. ಆಗ ಮುಳ್ಳು 80 ತೋರಿಸುವಾಗ ಕಾರಿನ ನಿಜವಾದ ವೇಗ ಸುಮಾರು 76. ಅಂತೆಯೇ ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಸುತ್ತು ತಿರುಗಬೇಕು. ಆ ಪುಟ್ಟ ಎಂಜಿನ್ನಿಗೆ ಅದು ಹೊರೆ. ವ್ಯಾಸ ಹೆಚ್ಚಾದರೆ ಅಪಾಯ ಬೇರೆ ತೆರನಾದದ್ದು: ಮುಳ್ಳು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಳೆತ ಕುಗ್ಗುತ್ತದೆ, ಡ್ರಮ್ ಬ್ರೇಕಿಗೆ ಚಕ್ರ ನಿಲ್ಲಿಸುವ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ವ್ಯತ್ಯಾಸವನ್ನು ಶೇಕಡ 2ರೊಳಗೆ ಇಟ್ಟುಕೊಂಡರೆ ಇವುಗಳಲ್ಲಿ ಯಾವುದೂ ಗಮನಕ್ಕೆ ಬರುವಷ್ಟಿರುವುದಿಲ್ಲ.

ಅಗಲದ ಬಗ್ಗೆಯೂ ಹಿತಮಿತ ಬೇಕು. ಮೂಲ ಟೈರಿನ ಅಗಲ 5.20 ಇಂಚು, ಅಂದರೆ 132 ಮಿಲಿಮೀಟರ್. 175ಕ್ಕೆ ಹೋದರೇ 43 ಮಿಲಿಮೀಟರ್ ಹೆಚ್ಚಾಯಿತು. ಕಾರು ನಿಂತಿರುವಾಗ ಸ್ಟೀರಿಂಗ್ ತಿರುಗಿಸಲು ಬೇಕಾಗುವ ಬಲ ಆಗಲೇ ಗಮನಾರ್ಹವಾಗಿ ಏರಿರುತ್ತದೆ. 195ರ ಟೈರು ಹಾಕಿ ಇಕ್ಕಟ್ಟಾದ ಓಣಿಯಲ್ಲಿ ಗಾಡಿ ನಿಲ್ಲಿಸಲು ಹೊರಟರೆ ತೋಳಿಗೂ ಸ್ಟೀರಿಂಗ್ ಬಾಕ್ಸಿಗೂ ಒಟ್ಟಿಗೆ ಪೆಟ್ಟು.

ಹಬ್‌ಗೆ ಹೊಂದುವ ರಿಮ್ಮು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ರಿಮ್ಮು ಹುಡುಕಲು ಹೊರಡುವ ಮುನ್ನ ನಾಲ್ಕು ಅಳತೆಗಳು ಚೀಟಿಯಲ್ಲಿ ಬರೆದಿರಬೇಕು: ಬೋಲ್ಟುಗಳ ವೃತ್ತದ ವ್ಯಾಸ, ನಡುವಿನ ರಂಧ್ರ, ನಟ್ಟು ಅಥವಾ ಬೋಲ್ಟು ಕೂರುವ ಅಂಚಿನ ಆಕಾರ, ಮತ್ತು ಆಫ್‌ಸೆಟ್. "ಇದು ಫಿಯಟ್‌ಗೆ ಆಗುತ್ತೆ ಸಾರ್" ಎಂಬ ಮಾತು ಅಳತೆಯಲ್ಲ.

ಬೋಲ್ಟು ವೃತ್ತದ ವ್ಯಾಸವನ್ನು ಎಲ್ಲರೂ ಪಿಸಿಡಿ ಎನ್ನುತ್ತಾರೆ. ನಾಲ್ಕು ರಂಧ್ರಗಳ ಚಕ್ರವಾದರೆ ಎದುರುಬದುರಿನ ಎರಡು ರಂಧ್ರಗಳ ಕೇಂದ್ರಗಳ ನಡುವಿನ ದೂರವೇ ಪಿಸಿಡಿ. ಐದು ರಂಧ್ರಗಳಿದ್ದರೆ ಎದುರುಬದುರು ಎಂಬುದಿಲ್ಲ. ಆಗ ಪಕ್ಕಪಕ್ಕದ ಎರಡರ ಕೇಂದ್ರಗಳ ದೂರವನ್ನು 1.701ರಿಂದ ಗುಣಿಸಬೇಕು. ಕೇಂದ್ರವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಒಂದು ರಂಧ್ರದ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ, ಫಲಿತಾಂಶ ಅದೇ. 100 ಮತ್ತು 98 ಮಿಲಿಮೀಟರಿನ ಪಿಸಿಡಿಗಳು ಕಣ್ಣಿಗೆ ಒಂದೇ ತೋರುತ್ತವೆ, ಬೋಲ್ಟೂ ಒಂದೆರಡು ಸುತ್ತು ಒಳಹೋಗುತ್ತದೆ. ಆದರೆ ಬಿಗಿಸಿದಾಗ ಬೋಲ್ಟು ಓರೆಯಾಗಿ ಕೂತು, ದಿನಗಳೆದಂತೆ ಸಡಿಲವಾಗುತ್ತದೆ ಅಥವಾ ತುಂಡಾಗುತ್ತದೆ. ಪಿಸಿಡಿ ಹೊಂದದ ಅಲಾಯ್ ಚಕ್ರಕ್ಕೆ ಹೊಸದಾಗಿ ರಂಧ್ರ ಕೊರೆಸುವುದನ್ನು ಯಾರು ಎಷ್ಟೇ ಭರವಸೆ ಕೊಟ್ಟರೂ ಒಪ್ಪಬೇಡಿ. ಅಡಾಪ್ಟರ್ ತಟ್ಟೆಗಳೂ ಬೇಡ: ಅವು ಚಕ್ರವನ್ನು ಹೊರಕ್ಕೆ ತಳ್ಳುತ್ತವೆ, ಸಡಿಲವಾಗಬಹುದಾದ ಇನ್ನೊಂದು ಜಾಗವನ್ನೂ ಸೃಷ್ಟಿಸುತ್ತವೆ.

ನಡುವಿನ ರಂಧ್ರ ಹಬ್‌ನ (ಆಕ್ಸಲ್ಲಿನ ತುದಿಯಲ್ಲಿ ಚಕ್ರ ಕೂರುವ ಭಾಗದ) ಮೂತಿಗೆ ಸರಿಯಾಗಿ ಕೂತರೆ ಚಕ್ರ ತಾನಾಗಿ ಕೇಂದ್ರಕ್ಕೆ ಬರುತ್ತದೆ. ದೊಡ್ಡದಿದ್ದರೆ ತಕ್ಕ ಅಳತೆಯ ಬಳೆ ಹಾಕಿಸಬಹುದು. ಚಿಕ್ಕದಿದ್ದರೆ ಆ ರಿಮ್ಮು ನಿಮಗಲ್ಲ. ನಟ್ಟಿನ ಅಂಚಿನಲ್ಲಿ ಶಂಕುವಿನಾಕಾರ, ಚೆಂಡಿನಾಕಾರ, ಚಪ್ಪಟೆ ಎಂದು ಬಗೆಗಳಿವೆ, ರಿಮ್ಮಿನ ಗುಳಿ ಯಾವುದೋ ನಟ್ಟೂ ಅದೇ ಆಗಿರಬೇಕು. ಅಲಾಯ್ ಚಕ್ರದ ಮೈ ಉಕ್ಕಿನ ರಿಮ್ಮಿಗಿಂತ ಬಹಳ ದಪ್ಪ. ಆದ್ದರಿಂದ ಹಳೆಯ ಬೋಲ್ಟು ಅಥವಾ ಸ್ಟಡ್ಡು ಉದ್ದ ಸಾಲದೆ ಹೋಗುವುದೇ ಹೆಚ್ಚು. ಕನಿಷ್ಠ ಪಕ್ಷ ಸ್ಟಡ್ಡಿನ ದಪ್ಪದಷ್ಟು ಉದ್ದದ ಮರೆ (ತಿರುಪಿನ ಸುರುಳಿ) ಕಚ್ಚಿಕೊಳ್ಳಬೇಕು. 12 ಮಿಲಿಮೀಟರ್ ದಪ್ಪ, 1.5 ಮಿಲಿಮೀಟರಿನ ಪಿಚ್ (ಒಂದು ಸುರುಳಿಯಿಂದ ಮುಂದಿನದಕ್ಕಿರುವ ದೂರ) ಆಗಿದ್ದರೆ ಕೈಯಲ್ಲಿ ತಿರುಗಿಸುವಾಗ ಎಂಟು ಪೂರ್ಣ ಸುತ್ತು ಎಣಿಸಬೇಕು. ಉದ್ದದ ಬೋಲ್ಟು ಹಾಕಿದಾಗ ಅದರ ತುದಿ ಡ್ರಮ್ಮಿನೊಳಗೆ ಬ್ರೇಕ್ ಷೂವಿಗೆ ತಾಗುತ್ತಿಲ್ಲವೆಂಬುದನ್ನು ಚಕ್ರ ಕೈಯಲ್ಲಿ ತಿರುಗಿಸಿ ಖಚಿತಪಡಿಸಿಕೊಳ್ಳಿ.

ಇನ್ನು ಆಫ್‌ಸೆಟ್. ಜನ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಿಮ್ಮಿನ ಅಗಲದ ಸರಿಮಧ್ಯದ ಗೆರೆಯಿಂದ ಹಬ್‌ಗೆ ಒರಗುವ ಮುಖ ಎಷ್ಟು ದೂರದಲ್ಲಿದೆಯೆಂಬುದೇ ಆಫ್‌ಸೆಟ್. ಮುಖವು ಮಧ್ಯಗೆರೆಗಿಂತ ಹೊರಗಡೆಗೆ ಇದ್ದರೆ ಅದು ಧನ ಸಂಖ್ಯೆ. ಆಗ ಚಕ್ರ ಮಡ್‌ಗಾರ್ಡಿನೊಳಗೆ ಸರಿಯುತ್ತದೆ. ಇದನ್ನು ಅಳೆಯಲು ಟೈರಿಲ್ಲದ ರಿಮ್ಮನ್ನು ಹೊರಮುಖ ಕೆಳಗಾಗಿ ನೆಲದ ಮೇಲೆ ಮಲಗಿಸಿ, ಒಳ ಅಂಚಿನ ಮೇಲೆ ನೇರವಾದ ಪಟ್ಟಿಯನ್ನು ಅಡ್ಡಲಾಗಿಟ್ಟು, ಪಟ್ಟಿಯಿಂದ ಹಬ್‌ಗೆ ಒರಗುವ ಮುಖದವರೆಗಿನ ಆಳವನ್ನು ಅಳೆಯಿರಿ. ಆ ಆಳದಿಂದ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕಳೆದರೆ ಆಫ್‌ಸೆಟ್ ಬರುತ್ತದೆ. ಒಂದು ಎಚ್ಚರಿಕೆ: 5ಜೆ ಎಂದು ಬರೆದಿರುವ ಅಗಲ (5 ಇಂಚು) ಟೈರು ಕೂರುವ ಒಳಅಳತೆ; ಎರಡೂ ಕಡೆಯ ಅಂಚು ಸೇರಿದರೆ ಸುಮಾರು ಒಂದಿಂಚು ಹೆಚ್ಚಿರುತ್ತದೆ.

ಉದಾಹರಣೆಗೆ, ನಿಮ್ಮ ಹಳೆಯ ರಿಮ್ಮು 4ಜೆ ಅಗಲದ್ದಾಗಿದ್ದು ಆಳ 90 ಮಿಲಿಮೀಟರ್ ಬಂತೆಂದುಕೊಳ್ಳೋಣ. ಒಟ್ಟು ಅಗಲ 127, ಅರ್ಧ 63.5, ಆಫ್‌ಸೆಟ್ 26.5. ಈಗ ಆಧುನಿಕ ಫ್ರಂಟ್-ವೀಲ್ ಡ್ರೈವ್ ಕಾರಿನ 5.5ಜೆ ರಿಮ್ಮು, ಆಫ್‌ಸೆಟ್ 38ರದ್ದು, ಕಡಿಮೆ ಬೆಲೆಗೆ ಸಿಕ್ಕಿತು. ಅಗಲ 38 ಮಿಲಿಮೀಟರ್ ಹೆಚ್ಚಿದ್ದರಿಂದ ಎರಡೂ ಕಡೆ 19ರಂತೆ ಬೆಳೆಯಿತು, ಆಫ್‌ಸೆಟ್ 11.5 ಹೆಚ್ಚಿದ್ದರಿಂದ ಇಡೀ ಚಕ್ರ ಅಷ್ಟು ಒಳಸರಿಯಿತು. ಹೊರ ಅಂಚು ಏಳೆಂಟು ಮಿಲಿಮೀಟರ್ ಮಾತ್ರ ಹೊರಬಂದಿದೆ, ನೋಡಲು ಚೆನ್ನಾಗಿಯೇ ಇದೆ. ಆದರೆ ಒಳ ಅಂಚು 30 ಮಿಲಿಮೀಟರ್ ಒಳಕ್ಕೆ ಹೋಗಿ ಹಿಂದೆ ಪಟ್ಟಿ ಸ್ಪ್ರಿಂಗಿನತ್ತ, ಮುಂದೆ ಸ್ಟೀರಿಂಗಿನ ತೋಳಿನತ್ತ ಮುಖ ಮಾಡಿದೆ. ಹೊರಗಿನಿಂದ ನೋಡಿ ತೀರ್ಮಾನಿಸಿದವರಿಗೆ ಇದು ಕಾಣುವುದೇ ಇಲ್ಲ.

ಇದಕ್ಕೆ ವಿರುದ್ಧವಾಗಿ ಆಫ್‌ಸೆಟ್ ತೀರಾ ಕಡಿಮೆಯಿರುವ ರಿಮ್ಮು ಹಾಕಿ ಚಕ್ರವನ್ನು ಹೊರಕ್ಕೆ ತಂದರೆ ಗಾಡಿ ಅಗಲವಾಗಿ, ಗಟ್ಟಿಮುಟ್ಟಾಗಿ ಕಾಣುತ್ತದೆ. ಆದರೆ ಚಕ್ರ ತಿರುಗುವ ಅಕ್ಷವು ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಅಂತರ ಬೆಳೆದು, ರಸ್ತೆಯ ಪ್ರತಿಯೊಂದು ಕಲ್ಲೂ ಸ್ಟೀರಿಂಗನ್ನು ಜಗ್ಗತೊಡಗುತ್ತದೆ. ಬೇರಿಂಗಿನ ಮೇಲೆ ಅದು ತಾಳಲಾರದ ಓರೆಯ ಹೊರೆ ಬೀಳುತ್ತದೆ. ಮಧ್ಯಗೆರೆ ಹಳೆಯ ಜಾಗದಿಂದ ಹತ್ತು ಮಿಲಿಮೀಟರಿಗಿಂತ ಹೆಚ್ಚು ಕದಲದಂತೆ ನೋಡಿಕೊಳ್ಳುವುದೇ ನಾನು ಪಾಲಿಸುವ ನಿಯಮ.

ಅಲಾಯ್‌ಗಳ ಅಂದದ ಬಗ್ಗೆ ಒಂದು ಮಾತು. 1960ರ ದಶಕದ ಕಾರಿಗೆ ಆ ಕಾಲದ ವಿನ್ಯಾಸವೇ ಒಪ್ಪುತ್ತದೆ: ಇಂಗ್ಲೆಂಡಿನ ಮಿನಿಲೈಟ್ ಮಾದರಿಯ ಎಂಟು ಕಡ್ಡಿಯ ಚಕ್ರ, ಇಲ್ಲವೇ ಫಿಯಟ್-ಅಬಾರ್ಥ್‌ಗಳಿಗೆ ಬರುತ್ತಿದ್ದ ಇಟಲಿಯ ಕ್ರೊಮೊಡೋರಾ ರೂಪದ್ದು. ಕಪ್ಪು-ಬೆಳ್ಳಿ ಬಣ್ಣದ, ಚಾಕುವಿನಂಥ ಕಡ್ಡಿಗಳ ಇಂದಿನ ಚಕ್ರ ಆ ದುಂಡನೆಯ ಮೈಗೆ ಹೊಂದುವುದಿಲ್ಲ. ಅಂದಕ್ಕಿಂತ ಮುಖ್ಯವಾದದ್ದು ತೂಕ: ಹೊಸ ಚಕ್ರ ಮತ್ತು ಟೈರು ಸೇರಿ ಹಳೆಯದಕ್ಕಿಂತ ಭಾರವಾಗಿದ್ದರೆ ವೇಗ ಪಡೆಯುವುದೂ ನಿಲ್ಲುವುದೂ ಎರಡೂ ನಿಧಾನ. ಅಂಗಡಿಗೆ ಒಂದು ಹಳೆಯ ಚಕ್ರ ಒಯ್ದು ಎರಡನ್ನೂ ತೂಗಿಸಿ ನೋಡಿ.

ಟೈರಿನ ಆಯ್ಕೆ

175/65 ಆರ್15 ಟೈರಿಗೆ 5ರಿಂದ 6 ಇಂಚು ಅಗಲದ ರಿಮ್ಮು ಸರಿ. 185/60 ಆರ್15ಕ್ಕೆ 5ರಿಂದ 6.5. ಅಳತೆಯ ನಂತರ ಬರೆದಿರುವ 84ಟಿ ಎಂಬಂಥ ಗುರುತಿನಲ್ಲಿ 84 ಎಂದರೆ ಒಂದು ಟೈರು ಹೊರಬಲ್ಲ ಭಾರ 500 ಕಿಲೊ, ಟಿ ಎಂದರೆ ಗಂಟೆಗೆ 190 ಕಿಲೊಮೀಟರ್ ವೇಗದ ಮಿತಿ. ಸುಮಾರು 900 ಕಿಲೊ ತೂಗುವ ಈ ಕಾರಿಗೆ ಅದು ಧಾರಾಳವಾಯಿತು. ತಯಾರಾದ ದಿನಾಂಕ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿರುತ್ತದೆ: 2324 ಎಂದರೆ 2024ರ 23ನೇ ವಾರ.

ರೇಡಿಯಲ್ ಮತ್ತು ಕ್ರಾಸ್‌ಪ್ಲೈ ಎರಡನ್ನೂ ಒಂದೇ ಆಕ್ಸಲ್ಲಿನಲ್ಲಿ ಬೆರೆಸಲೇಬಾರದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕುವುದು ಅದಕ್ಕಿಂತಲೂ ಅಪಾಯ; ತಿರುವಿನಲ್ಲಿ ಮುಂಭಾಗ ಹಿಡಿದುಕೊಂಡು ಹಿಂಭಾಗ ಜಾರುತ್ತದೆ. ಐದೂ ಚಕ್ರಗಳನ್ನು ಒಟ್ಟಿಗೆ ಬದಲಾಯಿಸಿ, ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಬಿಡಬೇಡಿ. ಹಳೆಯ ಉಕ್ಕಿನ ರಿಮ್ಮುಗಳು ಟ್ಯೂಬಿನ ಕಾಲದವು. ಟೈರಿನ ಅಂಚನ್ನು ಹಿಡಿದಿಡುವ ಒಳಗಿನ ದಿಬ್ಬ ಅವುಗಳಲ್ಲಿ ಇರದಿರಬಹುದು, ಆದ್ದರಿಂದ ಅಂಥ ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ಬೇಡ.

ಕೂರಿಸುವ ಮುನ್ನ, ಕೂರಿಸಿದ ಮೇಲೆ

ಅಗಲವಾದ ರೇಡಿಯಲ್ ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಹಿಡಿತದ ಬಲವೆಲ್ಲ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಟೈ-ರಾಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ತುದಿ, ಬುಷ್ ಮತ್ತು ಬೇರಿಂಗ್‌ಗಳ ಮೂಲಕವೇ ಚಾಸಿಗೆ ಸೇರಬೇಕು. ಮುಂದಿನ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಎಂಬ ಸದ್ದು ಬಂದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಿ. ಸದ್ದು ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಎರಡು ಬದಿಗಳಲ್ಲಿ ಹಿಡಿದು ಅಲುಗಾಡಿಸಿದಾಗಷ್ಟೇ ಸಡಿಲವಿದ್ದರೆ ಟೈ-ರಾಡ್ ನೋಡಬೇಕು. ಇವನ್ನು ರಿಪೇರಿ ಮಾಡಿಸದೆ ಹೊಸ ಚಕ್ರ ಕೂರಿಸುವುದೆಂದರೆ ಕುಸಿದ ಅಡಿಪಾಯದ ಮೇಲೆ ಮಹಡಿ ಎಬ್ಬಿಸಿದ ಹಾಗೆ.

ಸಾಧ್ಯವಾದರೆ ಒಂದೇ ಒಂದು ರಿಮ್ಮು ಮತ್ತು ಟೈರನ್ನು ಎರವಲು ತಂದು ನಾಲ್ಕೂ ಮೂಲೆಗಳಲ್ಲಿ ಹಾಕಿ ನೋಡಿ. ಎಡಬಲಗಳಲ್ಲಿ ಅಂತರ ಒಂದೇ ಇರುತ್ತದೆಂದು ಭಾವಿಸಬೇಡಿ. ಡೆಂಟಿಂಗ್ ಆದ ಹಳೆಯ ಬಾಡಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಒಳಗಡೆ, ಸ್ಪ್ರಿಂಗು ಹಾಗೂ ಸ್ಟೀರಿಂಗಿನ ಭಾಗಗಳಿಂದ ಕನಿಷ್ಠ 10 ಮಿಲಿಮೀಟರ್, ಮಡ್‌ಗಾರ್ಡಿನ ಅಂಚಿನಿಂದ 15 ಮಿಲಿಮೀಟರ್ ಬಿಡುವು ಬೇಕು; ಪಟ್ಟಿ ಸ್ಪ್ರಿಂಗಿನ ಆಕ್ಸಲ್ಲು ತಿರುವಿನಲ್ಲಿ ಸ್ವಲ್ಪ ಪಕ್ಕಕ್ಕೆ ವಾಲುತ್ತದೆಂಬುದು ಲೆಕ್ಕದಲ್ಲಿರಲಿ. ನಿಂತ ಗಾಡಿಯಲ್ಲಿ ಕಾಣದ ತಾಗುವಿಕೆಯನ್ನು ಹಿಡಿಯಲು ಮಕ್ಕಳ ಆಟದ ಮೇಣಮಣ್ಣು ಒಳ್ಳೆಯ ಉಪಾಯ. ಅಡಿಕೆ ಗಾತ್ರದ ಉಂಡೆಗಳನ್ನು ಮಡ್‌ಗಾರ್ಡಿನ ಒಳಮಡಿಕೆಯ ಉದ್ದಕ್ಕೂ ಅಂಟಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿಕೊಂಡು ರಸ್ತೆ ಉಬ್ಬೊಂದನ್ನು ಓರೆಯಾಗಿ ನಿಧಾನಕ್ಕೆ ದಾಟಿಸಿ, ಆಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಚಪ್ಪಟೆಯಾದ ಉಂಡೆಯಲ್ಲಿ ಉಳಿದ ದಪ್ಪವೇ ಆ ಜಾಗದ ನಿಜವಾದ ಬಿಡುವು. ಕೆಲವು ಉಂಡೆಗಳ ಮೇಲೆ ಟೈರಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿರುತ್ತವೆ. ಎಲ್ಲಿ ತಾಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಾಗುವುದಾದರೆ ಟೈರಿನ ಅಳತೆಯನ್ನು ಒಂದು ಹೆಜ್ಜೆ ಇಳಿಸಿ. ಮಡ್‌ಗಾರ್ಡಿನ ಅಂಚನ್ನು ಕತ್ತರಿಸಬೇಡಿ. ಸುತ್ತಿಗೆಯಿಂದ ಬಡಿದು ಮಡಚಿದರೂ ಬಣ್ಣ ಬಿರಿದು, ಮೊದಲ ಮಳೆಗೇ ತುಕ್ಕು ಶುರುವಾಗುತ್ತದೆ. ಅಂಥ ಮೂಲ ತಗಡು ಇನ್ನು ತಯಾರಾಗುವುದಿಲ್ಲ.

ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಸಿ. ಗಾಳಿಯಂತ್ರದಿಂದ ಒಂದೇ ಏಟಿಗೆ ಬಿಗಿಸಲು ಬಿಡಬೇಡಿ. ಅಲಾಯ್ ಹೊಸದರಲ್ಲಿ ಸ್ವಲ್ಪ ಒತ್ತಿಕೊಳ್ಳುವುದರಿಂದ 50ರಿಂದ 100 ಕಿಲೊಮೀಟರಿನೊಳಗೆ ಮತ್ತೆ ಬಿಗಿ ನೋಡುವುದು ಕಡ್ಡಾಯ. ಬಳಿಕ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್. ಕ್ರಾಸ್‌ಪ್ಲೈಗೆಂದು ಕೊಟ್ಟ ಟೋ-ಇನ್ (ಮುಂದಿನ ಎರಡು ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) ರೇಡಿಯಲ್ಲಿಗೆ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಸ್ವಲ್ಪ ಕಡಿಮೆ ಮಾಡಿಸಿ.

ಗಾಳಿಯ ಒತ್ತಡಕ್ಕೆ ಹಳೆಯ ಕೈಪಿಡಿಯ ಅಂಕಿ ಈಗ ಅನ್ವಯಿಸುವುದಿಲ್ಲ. 28 ಪಿಎಸ್‌ಐನಿಂದ ಆರಂಭಿಸಿ, ಟೈರಿನ ಕಚ್ಚಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಒಣಗಿದ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಒತ್ತಡ ಹೆಚ್ಚು, ಎರಡು ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಒಂದೊಂದೇ ಪಿಎಸ್‌ಐ ಬದಲಿಸುತ್ತ ಹೋದರೆ ನಿಮ್ಮ ಗಾಡಿಗೆ ತಕ್ಕ ಅಂಕಿ ಸಿಗುತ್ತದೆ. ಲೋ-ಪ್ರೊಫೈಲ್ ಟೈರಿನಲ್ಲಿ ಗಾಳಿಯ ಪ್ರಮಾಣವೇ ಕಡಿಮೆಯಾದ್ದರಿಂದ ಸ್ವಲ್ಪ ಇಳಿದರೂ ರಿಮ್ಮಿಗೆ ಪೆಟ್ಟು. ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಹೊರವ್ಯಾಸ ಕಾಯ್ದುಕೊಂಡು, ಮಡ್‌ಗಾರ್ಡಿನಿಂದ ಹೊರಚಾಚದಂತೆ ಚಕ್ರ ಹಾಕಿಸಿದರೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಡಿ, 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಕಾರುಗಳಿಗೆ ವಿಎ ಸರಣಿಯ ಪ್ರತ್ಯೇಕ ನೋಂದಣಿ ಸಂಖ್ಯೆ ಸಿಗುತ್ತದೆ. ಮೊದಲ ಪದ್ಮಿನಿಗಳು ಈಗ ಆ ವಯಸ್ಸನ್ನು ಮುಟ್ಟಿವೆ.

ಹೀಗಾಗಿ ಹಳೆಯ ಐದು ರಿಮ್ಮುಗಳನ್ನು ಗುಜರಿಗೆ ಹಾಕಬೇಡಿ. ಟೈರು ಕಳಚಿಸಿ, ತುಕ್ಕು ಉಜ್ಜಿಸಿ, ಪ್ರೈಮರ್ ಮತ್ತು ಬಣ್ಣ ಹೊಡೆಸಿ, ಮೂಲ ನಟ್ಟು-ಬೋಲ್ಟುಗಳನ್ನು ಗ್ರೀಸ್ ಸವರಿದ ಡಬ್ಬಿಯಲ್ಲಿ ಹಾಕಿ, ವೀಲ್ ಕಪ್ಪುಗಳ ಜೊತೆಗೇ ಒಣ ಜಾಗದಲ್ಲಿ ಎತ್ತಿಡಿ. ನಟ್ಟಿನ ಡಬ್ಬಿಯ ಮೇಲೆ ಯಾವ ಚಕ್ರದ್ದೆಂದು ಬರೆದಿರಲಿ, ಜೊತೆಗೆ ನೀವು ಅಳೆದ ಪಿಸಿಡಿ, ಆಫ್‌ಸೆಟ್ ಮತ್ತು ವ್ಯಾಸದ ಅಂಕಿಗಳ ಚೀಟಿಯೂ ಇರಲಿ.